ಜೋಡಿ ರನ್‌ವೇ ಇರುವಲ್ಲಿ ಟವರ್ ನಡೆಸುವ ಬಗೆ: ಬಜ್ಪೆ ನೋಡಿ ಬೆಳೆದವರಿಗೊಂದು ಸಮಗ್ರ ಮಾರ್ಗದರ್ಶಿ

ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣದಲ್ಲಿ ರನ್‌ವೇ ಎರಡು ಉಂಟು. ಹಳೆಯದು 09/27, ಉದ್ದ 1,615 ಮೀಟರ್. 2006ರಲ್ಲಿ ಶುರುವಾದ ಹೊಸದು 06/24, ಉದ್ದ 2,450 ಮೀಟರ್. ಆದರೆ ಇವು ಜೋಡಿ ರನ್‌ವೇ ಅಲ್ಲ, ಅಂದರೆ ಒಂದೇ ದಿಕ್ಕಿಗೆ ಸಮಾನಾಂತರವಾಗಿ ಇರುವಂಥವಲ್ಲ. ನಂಬರಿನಲ್ಲೇ ಉತ್ತರ ಇದೆ: ಒಂದು ಸುಮಾರು 60 ಡಿಗ್ರಿ ದಿಕ್ಕಿಗೆ ಮುಖ ಮಾಡಿದೆ, ಇನ್ನೊಂದು 90 ಡಿಗ್ರಿಗೆ. ಬೋಯಿಂಗ್, ಏರ್‌ಬಸ್ ಎಲ್ಲ ಹೊಸದರಲ್ಲೇ ಏರಿಳಿಯುವುದರಿಂದ ವಿಮಾನಗಳ ಏರಿಳಿತಕ್ಕೆ ಅನುಮತಿ ಕೊಡುವ ಮಂಗಳೂರು ಟವರಿನವರದ್ದು ಹೆಚ್ಚುಕಮ್ಮಿ ಒಂದೇ ರನ್‌ವೇಯ ಲೆಕ್ಕ. ಅದೇ ವಿಮಾನ ಬೆಂಗಳೂರಿಗೆ ಹೋದರೆ ಅಲ್ಲಿ 4,000 ಮೀಟರಿನ ಎರಡು ರನ್‌ವೇ ಪಕ್ಕಪಕ್ಕ ಇವೆ. ಅಲ್ಲಿ ಟವರ್ ನಡೆಸುವ ಕ್ರಮವೇ ಬೇರೆ.

ಇದನ್ನು ಬರೆಯುತ್ತಿರುವುದು ಇಬ್ಬರಿಗಾಗಿ. ಸುರತ್ಕಲ್, ನಿಟ್ಟೆ, ಮಣಿಪಾಲದ ಕಡೆ ಎಂಜಿನಿಯರಿಂಗ್ ಅಥವಾ ಬಿಎಸ್ಸಿ ಮುಗಿಸಿ ಏರ್‌ಪೋರ್ಟ್ಸ್ ಅಥಾರಿಟಿಯ ಜೂನಿಯರ್ ಎಕ್ಸಿಕ್ಯೂಟಿವ್ ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಪರೀಕ್ಷೆಗೆ ಓದುತ್ತಿರುವವರು ಒಬ್ಬರು. ಮನೆಯ ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಹಾಕಿಕೊಂಡು ವ್ಯಾಟ್‌ಸಿಮ್‌ನಂಥ ಜಾಲದಲ್ಲಿ ಟವರ್ ಆಡುವವರು ಇನ್ನೊಬ್ಬರು. ಇದನ್ನು ಓದಿದವರಿಗೆ ಯಾರೂ ನಿಜವಾದ ಟವರಿನ ಕುರ್ಚಿ ಕೊಡುವುದಿಲ್ಲ. ಅದಕ್ಕೆ ತರಬೇತಿ, ರೇಟಿಂಗ್, ಮೆಡಿಕಲ್ ಎಲ್ಲ ಬೇಕು. ಕುರ್ಚಿಯಲ್ಲಿ ಕೂತವರ ತಲೆ ಹೇಗೆ ಓಡುತ್ತದೆ ಎಂಬುದು ಮಾತ್ರ ಇಲ್ಲಿಂದ ಸಿಕ್ಕೀತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ರನ್‌ವೇ ಎರಡಾದರೆ ಕೆಲಸ ಸುಲಭವಾಗುತ್ತದೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ವಿಮಾನ ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಒಂದೇ ರನ್‌ವೇ ಇರುವಲ್ಲಿ ಇಲ್ಲದ ಒಂದು ಪ್ರಶ್ನೆ ಇಲ್ಲಿ ನಿಮಿಷ ನಿಮಿಷಕ್ಕೂ ಬರುತ್ತದೆ: ಈಗ ಈ ರನ್‌ವೇ ಯಾರದ್ದು? ಜೋಡುಕರೆ ಕಂಬಳ, ಅಂದರೆ ಎರಡು ಓಟದ ಪಟ್ಟಿ ಇರುವ ಕೋಣಗಳ ಓಟ, ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಮೂಡುಬಿದಿರೆಯಲ್ಲಿ ಎರಡು ಕರೆಗೂ ಹೆಸರಿದೆ, ಕೋಟಿ ಮತ್ತು ಚೆನ್ನಯ. ಯಾವ ಕೋಣಗಳು ಯಾವ ಕರೆಗೆ ಎಂಬುದು ಗಂತಿನಲ್ಲಿ, ಅಂದರೆ ಓಟ ಶುರುವಾಗುವಲ್ಲಿ, ನಿಲ್ಲಿಸುವ ಮೊದಲೇ ತೀರ್ಮಾನವಾಗಿರುತ್ತದೆ. ಬಿಟ್ಟ ಮೇಲೆ ಕರೆ ಬದಲಿಸುವ ಮಾತೇ ಇಲ್ಲ.

ಹಂತ 1: ನಕ್ಷೆಯನ್ನು ಕೈಯಲ್ಲೇ ಬಿಡಿಸಿ

ಪ್ರಿಂಟ್ ಬೇಡ, ಕೈಯಲ್ಲಿ ಬಿಡಿಸಿ. ಎರಡು ರನ್‌ವೇ, ನಾಲ್ಕು ತುದಿ, ಪ್ರತಿ ತುದಿಗೂ ಹೆಸರು. ಜೋಡಿಯಾಗಿದ್ದರೆ ನಂಬರಿನ ಜೊತೆ ಲೆಫ್ಟ್, ರೈಟ್ ಸೇರುತ್ತದೆ. ಅದು ಇಳಿಯಲು ಬರುವ ಪೈಲಟ್ ಕಣ್ಣಿನ ಎಡ ಬಲ, ಟವರಿನಲ್ಲಿ ಕೂತ ನಿಮ್ಮದಲ್ಲ. ಬೆಂಗಳೂರಿನ ಉತ್ತರದ ರನ್‌ವೇಯನ್ನೇ ತೆಗೆದುಕೊಳ್ಳಿ. ಪೂರ್ವಕ್ಕೆ ಮುಖ ಮಾಡಿ ಬಂದವರಿಗೆ ಅದು 09 ಲೆಫ್ಟ್. ಪಶ್ಚಿಮಕ್ಕೆ ಮುಖ ಮಾಡಿ ಬಂದವರಿಗೆ ಅದೇ ಡಾಂಬರು 27 ರೈಟ್. 2019ರ ಡಿಸೆಂಬರಿನಲ್ಲಿ ಶುರುವಾದ ದಕ್ಷಿಣದ ರನ್‌ವೇ 09 ರೈಟ್, ಆಚೆ ತುದಿಯಿಂದ 27 ಲೆಫ್ಟ್. ಮೂರು ರನ್‌ವೇ ಸಾಲಾಗಿದ್ದರೆ ನಡುವಿನದಕ್ಕೆ ಸೆಂಟರ್ ಎನ್ನುತ್ತಾರೆ. ದೆಹಲಿಯಂತೆ ನಾಲ್ಕಾದರೆ ನಂಬರನ್ನೇ ಸ್ವಲ್ಪ ಬದಲಿಸಿಬಿಡುತ್ತಾರೆ, ಇಲ್ಲದಿದ್ದರೆ ಗೊಂದಲಕ್ಕೆ ಕೊನೆ ಇರುವುದಿಲ್ಲ.

ನಕ್ಷೆಯಲ್ಲಿ ಟರ್ಮಿನಲ್ ಎಲ್ಲಿದೆ ಎಂದು ಗುರುತು ಮಾಡಿ. ಬೆಂಗಳೂರಿನಲ್ಲಿ ಟರ್ಮಿನಲ್‌ಗಳು ಎರಡು ರನ್‌ವೇಗಳ ನಡುವೆ ಇವೆ. ಯಾವ ಕಡೆ ಇಳಿದರೂ ಒಳಮುಖವಾಗಿ ಬಂದರಾಯಿತು, ಇನ್ನೊಂದು ರನ್‌ವೇ ದಾಟಬೇಕಿಲ್ಲ. ಕೆಲವು ಊರುಗಳಲ್ಲಿ ಎರಡೂ ರನ್‌ವೇ ಟರ್ಮಿನಲ್ಲಿನ ಒಂದೇ ಪಕ್ಕದಲ್ಲಿರುತ್ತವೆ. ಅಲ್ಲಿ ಹೊರಗಿನ ರನ್‌ವೇಯಲ್ಲಿ ಇಳಿದ ಪ್ರತಿಯೊಂದು ವಿಮಾನವೂ ಒಳಗಿನದನ್ನು ದಾಟಿಯೇ ಬರಬೇಕು. ಟವರಿನವರ ಅರ್ಧ ದಿನ ಈ ದಾಟಿಸುವ ಕೆಲಸದಲ್ಲೇ ಹೋಗುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಹಂತ 2: ನಡುವಿನ ಅಂತರ ನೋಡಿ, ಮೋಡ್ ಗೊತ್ತು ಮಾಡಿಕೊಳ್ಳಿ

ಎರಡು ರನ್‌ವೇಗಳ ಮಧ್ಯರೇಖೆಗಳ ನಡುವೆ ಎಷ್ಟು ಮೀಟರ್ ಇದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಅಂತರರಾಷ್ಟ್ರೀಯ ನಿಯಮದ ಮೂರು ಅಂಕಿ ನೆನಪಿಡಿ: 760, 915, 1,035.

760 ಮೀಟರ್ ಇದ್ದರೆ ಒಂದರಲ್ಲಿ ಬರೀ ಇಳಿಸುವುದು, ಇನ್ನೊಂದರಲ್ಲಿ ಬರೀ ಹೊರಡಿಸುವುದು ಮಾಡಬಹುದು. ಇದಕ್ಕೆ ಸೆಗ್ರಿಗೇಟೆಡ್ ಮೋಡ್ ಎಂದು ಹೆಸರು. ಎರಡು ರನ್‌ವೇಯಿಂದಲೂ ಒಂದಕ್ಕೊಂದು ಕಾಯದೆ ಹೊರಡಿಸುವುದಕ್ಕೂ ಇಷ್ಟೇ ಅಂತರ ಸಾಕು. ಆದರೆ ಎರಡೂ ವಿಮಾನಗಳ ದಾರಿ ಮೇಲೇರಿದ ಕೂಡಲೇ ಕನಿಷ್ಠ 15 ಡಿಗ್ರಿ ಬೇರೆಯಾಗಬೇಕು. 915 ಮೀಟರ್ ಇದ್ದರೆ ಎರಡರಲ್ಲೂ ಇಳಿಸಬಹುದು. ಅಲ್ಲಿ ಪಕ್ಕದ ಸಾಲಿನ ವಿಮಾನಕ್ಕೂ ನಿಮ್ಮದಕ್ಕೂ ಓರೆಯಾಗಿ ಸುಮಾರು 2 ನಾಟಿಕಲ್ ಮೈಲಿ ಅಂತರ ಇರಲೇಬೇಕು. ಒಂದು ಮುಂದೆ, ಒಂದು ಹಿಂದೆ, ಹಾಗೆ ಬರುತ್ತಿರುತ್ತವೆ. 1,035 ಮೀಟರ್ ದಾಟಿದರೆ, ತಕ್ಕ ರೇಡಾರ್ ವ್ಯವಸ್ಥೆಯೂ ಇದ್ದರೆ, ಎರಡು ಸಾಲುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಇಳಿಯಬಹುದು. ಆಗ ನಡುವೆ 610 ಮೀಟರ್ ಅಗಲದ ಒಂದು ಪಟ್ಟಿ ಇರುತ್ತದೆ. ಅದರೊಳಗೆ ಯಾರೂ ಕಾಲಿಡುವಂತಿಲ್ಲ. ಯಾವುದಾದರೂ ವಿಮಾನ ಅಡ್ಡಾದಿಡ್ಡಿ ಅದರೊಳಗೆ ನುಗ್ಗಿದರೆ ಪಕ್ಕದ ಸಾಲಿನಲ್ಲಿ ಅಪಾಯಕ್ಕೆ ಸಿಲುಕಿದ ವಿಮಾನವನ್ನು ರೇಡಾರಿನವರು ಅಲ್ಲಿಂದ ತಿರುಗಿಸಿ ಹೊರಗೆ ಕಳಿಸುತ್ತಾರೆ.

ಬೆಂಗಳೂರಿನಲ್ಲಿ ನಡುವಿನ ಅಂತರ ಈ ಮೂರನ್ನೂ ಆರಾಮಾಗಿ ದಾಟುತ್ತದೆ. ಹೊಸಬರು ಅಭ್ಯಾಸ ಶುರು ಮಾಡುವುದಾದರೆ ಸೆಗ್ರಿಗೇಟೆಡ್ ಮೋಡಿನಲ್ಲೇ ಮಾಡಿ. ಎರಡೂ ರನ್‌ವೇಯಲ್ಲಿ ಏರಿಳಿತ ಕಲಸಿಕೊಂಡರೆ ಮೊದಲ ವಾರದಲ್ಲೇ ತಲೆ ಕೆಡುತ್ತದೆ.

ಹಂತ 3: ಗಾಳಿ ನೋಡಿ ದಿಕ್ಕು ಗೊತ್ತು ಮಾಡಿ

ಇದನ್ನು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯ ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಮೆಲ್ಲಗೆ ಕಡಲಿಗೆ ಹೋಗುತ್ತದೆ. ಹೊತ್ತೇರಿದ ಮೇಲೆ ಕಡಲಗಾಳಿ ಎದ್ದು ಪಶ್ಚಿಮದಿಂದ ಬೀಸುತ್ತದೆ. ಮಳೆಗಾಲದಲ್ಲಂತೂ ಇಡೀ ದಿನ ಪಡುವಣ ಗಾಳಿಯೇ. ವಿಮಾನ ಏರುವುದೂ ಇಳಿಯುವುದೂ ಎದುರು ಗಾಳಿಗೆ. ಹಾಗಾಗಿ ಪಶ್ಚಿಮದ ಗಾಳಿಗೆ ಬಜ್ಪೆಯಲ್ಲಿ 24, ಬೆಂಗಳೂರಿನಲ್ಲಿ 27ರ ಜೋಡಿ.

ಗದ್ದಲ ತಪ್ಪಿಸಲು ಊರಿಲ್ಲದ ಕಡೆಯ ರನ್‌ವೇ ಆರಿಸುವುದುಂಟು. ಆದರೆ ಹಿಂಗಾಳಿ 5 ನಾಟ್ ಮೀರಿದರೆ, ಅಡ್ಡಗಾಳಿ 15 ನಾಟ್ ಮೀರಿದರೆ ಆ ಮಾತು ಪಕ್ಕಕ್ಕಿಡಬೇಕು.

ದಿಕ್ಕು ಬದಲಿಸುವಾಗ ಎರಡೂ ರನ್‌ವೇಯನ್ನು ಒಟ್ಟಿಗೆ ಬದಲಿಸಿ. ಒಂದರಲ್ಲಿ 09, ಪಕ್ಕದಲ್ಲಿ 27 ಅಂತ ನಡೆಸಬೇಡಿ. ಹಳೇ ದಿಕ್ಕಿನಲ್ಲಿ ಕೊನೆಯದಾಗಿ ಇಳಿಯುವವರು ಯಾರು, ಹೊಸ ದಿಕ್ಕಿನಲ್ಲಿ ಮೊದಲು ಹೊರಡುವವರು ಯಾರು ಎಂದು ಇಳಿಯಲು ಬರುವವರನ್ನು ರೇಡಾರಿನಲ್ಲಿ ಸಾಲು ಹಿಡಿಸುವ ಅಪ್ರೋಚ್‌ನವರ ಜೊತೆ ಹೆಸರು ಹಿಡಿದು ಮಾತಾಡಿ. ಇಲ್ಲಿ ಒಂದು ಗುಂಡಿ ಇದೆ. ದಿಕ್ಕು ತಿರುಗಿದ ಕೂಡಲೇ ಉತ್ತರದ ರನ್‌ವೇ ರೈಟ್ ಇದ್ದದ್ದು ಲೆಫ್ಟ್ ಆಗುತ್ತದೆ. ಎರಡು ಗಂಟೆ ಹೊತ್ತು ಬಾಯಿ ತುಂಬ ರೈಟ್ ರೈಟ್ ಅಂದವರ ನಾಲಿಗೆ ಅಷ್ಟು ಬೇಗ ತಿರುಗುವುದಿಲ್ಲ. ಹಳೇ ನಂಬರಿನ ಚೀಟಿಗಳನ್ನೆಲ್ಲ ಬೋರ್ಡಿನಿಂದ ಕಿತ್ತು ಹೊಸದು ಹಾಕಿದ ಮೇಲೇ ಮುಂದಿನ ಮಾತು ಆಡಿ. ಹವಾಮಾನ, ರನ್‌ವೇ ವಿವರ ಪೈಲಟ್‌ಗಳಿಗೆ ಬಿಡದೆ ಬಿತ್ತರಿಸುವ ಏಟಿಸ್‌ನಲ್ಲಿ ಹೊಸ ಅಕ್ಷರದ ಮಾಹಿತಿಯೂ ಆಗಲೇ ಹೋಗಬೇಕು.

ಹಂತ 4: ಯಾರು ಯಾವುದನ್ನು ನೋಡಿಕೊಳ್ಳಬೇಕು

ಹೊರಡುವ ಮೊದಲು ಡೆಲಿವರಿ ಡೆಸ್ಕಿನವರು ದಾರಿ, ಎತ್ತರ, ರೇಡಾರಿನಲ್ಲಿ ವಿಮಾನ ಗುರುತಿಸುವ ಟ್ರಾನ್ಸ್‌ಪಾಂಡರ್ ಸಂಖ್ಯೆ ಕೊಡುತ್ತಾರೆ. ನೆಲದ ಓಡಾಟ ನೋಡಿಕೊಳ್ಳುವ ಡೆಸ್ಕಿಗೆ ನಮ್ಮಲ್ಲಿ ಎಸ್‌ಎಂಸಿ ಎನ್ನುತ್ತಾರೆ. ರನ್‌ವೇ ಟವರಿನವರದ್ದು. ದೊಡ್ಡ ಕಡೆಗಳಲ್ಲಿ ಪ್ರತಿ ರನ್‌ವೇಗೂ ಒಬ್ಬ ಟವರ್ ಕಂಟ್ರೋಲರ್, ಬೇರೆ ಬೇರೆ ಫ್ರೀಕ್ವೆನ್ಸಿ.

ನಿಯಮ ಒಂದೇ: ರನ್‌ವೇ ಒಬ್ಬರ ಕೈಯಲ್ಲಿರಬೇಕು. ನೆಲದ ಡೆಸ್ಕಿನವರು ಟವರನ್ನು ಕೇಳದೆ ಒಂದು ಜೀಪನ್ನೂ ರನ್‌ವೇಗೆ ಬಿಡುವಂತಿಲ್ಲ. ಆ ರನ್‌ವೇ ಖಾಲಿ ಬಿದ್ದಿದ್ದರೂ ಅಷ್ಟೇ, ಮುಚ್ಚಿದ್ದರೂ ಅಷ್ಟೇ. ಲೈಟ್ ರಿಪೇರಿಯವರು, ಹಕ್ಕಿ ಓಡಿಸುವವರು, ಡಾಂಬರು ನೋಡುವವರು, ಯಾರೇ ಆಗಲಿ ರನ್‌ವೇ ಮೇಲೆ ಇರುವಷ್ಟು ಹೊತ್ತು ಟವರಿನ ಫ್ರೀಕ್ವೆನ್ಸಿಯಲ್ಲೇ ಇದ್ದರೆ ಒಳ್ಳೆಯದು. ಆಗ ಇಳಿಯಲು ಬರುತ್ತಿರುವ ಪೈಲಟ್‌ಗೂ ಅವರ ದನಿ ಕೇಳುತ್ತದೆ.

ಬೋರ್ಡಿನಲ್ಲಿ ಪ್ರತಿ ರನ್‌ವೇಗೂ ಒಂದು ಖಾನೆ ಇಡಿ. ವಿಮಾನವಾಗಲಿ ಗಾಡಿಯಾಗಲಿ ರನ್‌ವೇ ಮೇಲೆ ಇದ್ದರೆ ಅದರ ಸ್ಟ್ರಿಪ್, ಅಂದರೆ ಅದರ ಹೆಸರಿನ ಚೀಟಿ, ಆ ಖಾನೆಯಲ್ಲಿ ಇರಲೇಬೇಕು. ಮನೆಯಲ್ಲಿ ಅಭ್ಯಾಸ ಮಾಡುವವರು ಒಂದು ಕೆಂಪು ಕಾರ್ಡ್ ಮಾಡಿಟ್ಟುಕೊಳ್ಳಿ. ರನ್‌ವೇ ಮೇಲೆ ಯಾರೋ ನಿಂತಿದ್ದಾರೆ ಎಂದರೆ ಆ ಕಾರ್ಡ್ ಖಾನೆಯಲ್ಲಿ. ಬಾಯಲ್ಲಿ ಕ್ಲಿಯರೆನ್ಸ್ ಹೇಳುವ ಮೊದಲು ಕಣ್ಣು ಖಾನೆಗೆ, ಆಮೇಲೆ ಕಿಟಕಿಯಾಚೆ ರನ್‌ವೇಯ ಈ ತುದಿಯಿಂದ ಆ ತುದಿಗೆ. ಚಾಳಿಯಾಗುವ ತನಕ ಬೆರಳು ತೋರಿಸಿಯೇ ಮಾಡಿ. ನಗುವವರು ನಗಲಿ.

ಹಂತ 5: ಹೊರಡುವ ವಿಮಾನ

ಕಲಿಯಲು ನಾನು ಕಟ್ಟಿದ ಹೆಸರುಗಳನ್ನೇ ಇಟ್ಟುಕೊಳ್ಳೋಣ: ಕರಾವಳಿ 217, ನೇತ್ರಾವತಿ 45. ರೇಡಿಯೋದಲ್ಲಿ ಅಂಕಿಗಳನ್ನು ಒಂದೊಂದಾಗಿ ಹೇಳಬೇಕು. ರನ್‌ವೇ 27 ಲೆಫ್ಟ್ ಎಂದರೆ "ಟೂ ಸೆವೆನ್ ಲೆಫ್ಟ್". ಲೆಫ್ಟ್ ಬಿಟ್ಟು ಬರೀ "ಟೂ ಸೆವೆನ್" ಎಂದು ಪೈಲಟ್ ಮರಳಿ ಹೇಳಿದರೆ ಅದನ್ನು ಒಪ್ಪಬೇಡಿ. ಮತ್ತೊಮ್ಮೆ ಹೇಳಿಸಿ.

ಎಸ್‌ಎಂಸಿ: "ಕರಾವಳಿ ಟೂ ವನ್ ಸೆವೆನ್, ಟ್ಯಾಕ್ಸಿ ಟು ಹೋಲ್ಡಿಂಗ್ ಪಾಯಿಂಟ್ ರನ್‌ವೇ ಟೂ ಸೆವೆನ್ ಲೆಫ್ಟ್." ಅಂದರೆ ನೆಲದ ಮೇಲೆ ಓಡಿಸಿಕೊಂಡು ರನ್‌ವೇ ಹೊರಗಿನ ನಿಲ್ಲುವ ಜಾಗಕ್ಕೆ ಬನ್ನಿ ಎಂದು. ಅಲ್ಲಿಗೆ ಬಂದ ಮೇಲೆ ಟವರಿಗೆ ದಾಟಿಸುತ್ತಾರೆ. ಟವರ್: "ಕರಾವಳಿ ಟೂ ವನ್ ಸೆವೆನ್, ರನ್‌ವೇ ಟೂ ಸೆವೆನ್ ಲೆಫ್ಟ್, ಕ್ಲಿಯರ್ಡ್ ಫಾರ್ ಟೇಕ್‌ಆಫ್." ಗಾಳಿಯ ದಿಕ್ಕು, ವೇಗವನ್ನೂ ಜೊತೆಗೆ ಕೊಡುತ್ತಾರೆ.

ಟೇಕ್‌ಆಫ್ ಎಂಬ ಮಾತು ಅನುಮತಿ ಕೊಡುವಾಗ, ಅದನ್ನೇ ರದ್ದು ಮಾಡುವಾಗ ಮಾತ್ರ ಬಾಯಿಗೆ ಬರಬೇಕು. ಉಳಿದ ಕಡೆಯೆಲ್ಲ "ಡಿಪಾರ್ಚರ್". 1977ರ ಮಾರ್ಚ್ 27ರಂದು ಟೆನೆರೀಫ್‌ನಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಜನ ಸತ್ತ ಮೇಲೆ ಈ ಶಿಸ್ತು ಗಟ್ಟಿಯಾಯಿತು.

ಹೆಸರುಗಳು ಒಂದೇ ಥರ ಇದ್ದರೆ, ಕರಾವಳಿ 217 ಮತ್ತು ಕರಾವಳಿ 271 ಎರಡೂ ಒಟ್ಟಿಗೆ ಬಂದರೆ, ಇಬ್ಬರಿಗೂ ಎಚ್ಚರಿಕೆ ಕೊಟ್ಟುಬಿಡಿ. ಒಬ್ಬರನ್ನು ಲೆಫ್ಟಿಗೆ, ಇನ್ನೊಬ್ಬರನ್ನು ರೈಟಿಗೆ ಹಾಕಿದ್ದರೆ ಇನ್ನೂ ಜಾಸ್ತಿ ಜಾಗ್ರತೆ ಬೇಕು.

ಹಂತ 6: ರನ್‌ವೇ ಮೇಲೆ ನಿಲ್ಲಿಸಿ ಕಾಯಿಸುವುದು

"ಲೈನ್ ಅಪ್ ಅಂಡ್ ವೇಟ್" ಎಂದರೆ ರನ್‌ವೇಗೆ ಬಂದು ನಿಲ್ಲಿ, ಹೊರಡಬೇಡಿ ಎಂದು. ಹೊತ್ತು ಉಳಿಸಲು ಇದರಷ್ಟು ಒಳ್ಳೆ ಉಪಾಯ ಇಲ್ಲ. ಇದರಷ್ಟು ಅಪಾಯದ್ದೂ ಇಲ್ಲ.

1991ರ ಫೆಬ್ರವರಿ 1ರ ಸಂಜೆ ಲಾಸ್ ಏಂಜಲೀಸ್‌ನಲ್ಲಿ ರನ್‌ವೇ 24 ಲೆಫ್ಟ್ ಮೇಲೆ ಒಂದು ಪುಟ್ಟ ವಿಮಾನವನ್ನು ನಿಲ್ಲಿಸಿದ್ದರು. ಅದು ರನ್‌ವೇ ತುದಿಯಲ್ಲಿರಲಿಲ್ಲ, ನಡುವಿನ ಒಂದು ಕೂಡುದಾರಿಯಿಂದ ಒಳಗೆ ಬಂದಿತ್ತು. ಬೇರೆ ವಿಮಾನಗಳ ಗೊಂದಲದಲ್ಲಿ ಕಂಟ್ರೋಲರ್‌ಗೆ ಅದು ಮರೆತುಹೋಯಿತು. ಅದೇ ರನ್‌ವೇಗೆ ಬೋಯಿಂಗ್ 737 ಒಂದಕ್ಕೆ ಇಳಿಯಲು ಅನುಮತಿ ಹೋಯಿತು. ಕೆಂಪು ಕಾರ್ಡ್ ಇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ಮನುಷ್ಯರ ನೆನಪು ಕೈಕೊಡುತ್ತದೆ. ಕಾರ್ಡ್ ಅಲ್ಲೇ ಇರುತ್ತದೆ.

ಎರಡನೆಯದು ಮೊನ್ನೆ ಮೊನ್ನೆಯದು. 2024ರ ಜನವರಿ 2, ಟೋಕಿಯೋದ ಹನೆಡಾ. ಅಲ್ಲೂ ಜೋಡಿ ರನ್‌ವೇ ಇವೆ. ಕೋಸ್ಟ್ ಗಾರ್ಡ್‌ನ ಸಣ್ಣ ವಿಮಾನಕ್ಕೆ ಟವರ್ ಹೇಳಿದ್ದು "ನಂಬರ್ ವನ್, ಹೋಲ್ಡಿಂಗ್ ಪಾಯಿಂಟ್ ಸಿ5ಗೆ ಟ್ಯಾಕ್ಸಿ ಮಾಡಿ" ಎಂದು. ಹೋಲ್ಡಿಂಗ್ ಪಾಯಿಂಟ್ ಎಂದರೆ ರನ್‌ವೇ ಹೊರಗೆ ನಿಲ್ಲುವ ಜಾಗ. ಪೈಲಟ್ ಅದನ್ನು ಸರಿಯಾಗಿಯೇ ಮರಳಿ ಹೇಳಿದರು. ಆದರೂ ವಿಮಾನ ರನ್‌ವೇ ಒಳಗೆ ಬಂದು ಸುಮಾರು 40 ಸೆಕೆಂಡ್ ನಿಂತಿತು. ಅಷ್ಟರಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ಬಂದು ಇಳಿದು ಬಡಿಯಿತು. ದೊಡ್ಡ ವಿಮಾನದ 379 ಜನರೂ ಬದುಕಿ ಹೊರಬಂದರು, ಕೋಸ್ಟ್ ಗಾರ್ಡ್‌ನ ಐವರು ಉಳಿಯಲಿಲ್ಲ. ಸರದಿಯಲ್ಲಿ ನೀವು ಮೊದಲು ಎಂಬ ಮಾತು ಕಿವಿಗೆ ಬಿದ್ದರೆ ಮನಸ್ಸು ಮುಂದೋಡುತ್ತದೆ, ಅಲ್ವಾ? ಅದಕ್ಕೇ ಜಪಾನಿನಲ್ಲಿ ಆಮೇಲೆ ಆ "ನಂಬರ್ ವನ್" ಹೇಳುವುದನ್ನೇ ನಿಲ್ಲಿಸಿದ್ದರು.

ಮರಳಿ ಹೇಳಿದ್ದು ಸರಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಮಾರಾಯ್ರೆ. ವಿಮಾನ ಹೇಳಿದಲ್ಲೇ ನಿಂತಿತಾ ಎಂದು ಕಣ್ಣಿಂದ ನೋಡಬೇಕು. ಯಾರನ್ನಾದರೂ ರನ್‌ವೇ ಮೇಲೆ ನಿಲ್ಲಿಸಿದರೆ ಕಾರಣವನ್ನೂ ಹೇಳಿ: ಮುಂದಿನ ವಿಮಾನದ ಗಾಳಿಸುಳಿ, ಅಥವಾ ಯಾರೋ ದಾಟುತ್ತಿದ್ದಾರೆ. ಒಂದು ನಿಮಿಷ ದಾಟಿದರೆ ಮತ್ತೆ ಮಾತಾಡಿಸಿ.

ಹಂತ 7: ಇಳಿಯುವ ವಿಮಾನ

ಟವರಿಗೆ ಬಂದ ಕೂಡಲೇ ಯಾವ ರನ್‌ವೇ ಎಂದು ಪೈಲಟ್ ಬಾಯಿಂದಲೇ ಬರಲಿ. ಮುಂದಿನ ವಿಮಾನ ರನ್‌ವೇ ಬಿಟ್ಟು ಹೋಗಿರಬೇಕು, ಅಥವಾ ಹೊರಟದ್ದಾದರೆ ಆಚೆ ತುದಿ ದಾಟಿರಬೇಕು ಇಲ್ಲವೇ ತಿರುಗಿರಬೇಕು. ಅಲ್ಲಿಯವರೆಗೆ ಹಿಂದಿನದು ರನ್‌ವೇ ಅಂಚಿನ ಮೇಲೆ ಬರಬಾರದು.

ಜೋಡಿ ರನ್‌ವೇಯ ದೊಡ್ಡ ಕಾಟ ಎಂದರೆ ತಪ್ಪು ಪಟ್ಟಿಗೆ ಗುರಿ ಇಡುವುದು. 2017ರ ಜುಲೈ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 28 ಲೆಫ್ಟ್ ಮುಚ್ಚಿ ದೀಪ ಆರಿಸಿದ್ದರು. ಏರ್ ಕೆನಡಾದ ವಿಮಾನವೊಂದು 28 ರೈಟ್‌ಗೆ ಬರಬೇಕಿತ್ತು. ಎರಡು ಪಟ್ಟಿ ಕಾಣಬೇಕು, ಬಲದ್ದು ನಮ್ಮದು ಎಂಬ ಲೆಕ್ಕ ಅವರದ್ದು. ಎಡದ ಪಟ್ಟಿ ಕತ್ತಲಾಗಿದ್ದರಿಂದ ರೈಟ್ ರನ್‌ವೇಯನ್ನೇ ಲೆಫ್ಟ್ ಅಂದುಕೊಂಡು ಅದರ ಪಕ್ಕದ ಟ್ಯಾಕ್ಸಿವೇಗೆ ಇಳಿಯಹೊರಟರು. ಆ ಟ್ಯಾಕ್ಸಿವೇಯಲ್ಲಿ ನಾಲ್ಕು ವಿಮಾನಗಳು ಜನ ತುಂಬಿಕೊಂಡು ಸಾಲಾಗಿ ನಿಂತಿದ್ದವು. ಸುಮಾರು 60 ಅಡಿ ಎತ್ತರಕ್ಕೆ ಇಳಿದ ಮೇಲೆ ವಿಮಾನ ಮೇಲೆದ್ದಿತು.

ಟವರಿನಲ್ಲಿರುವ ನಿಮಗೆ ಇದರಿಂದ ಕಲಿಯಲು ಎರಡು ವಿಷಯ. ಒಂದು ರನ್‌ವೇ ಮುಚ್ಚಿದ್ದರೆ ಅದನ್ನು ಏಟಿಸ್‌ನಲ್ಲಿ ಹೇಳಿದ್ದೇವೆ ಎಂದು ಸುಮ್ನೆ ಕೂರದೆ, ಬರುವ ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ. ಕೊನೆಯ ಎರಡು ಮೈಲಿಯಲ್ಲಿ ಬರುವ ದೀಪ ಯಾವ ಪಟ್ಟಿಗೆ ನೇರವಾಗಿದೆ ಎಂದು ದುರ್ಬೀನಿನಲ್ಲಿ ನೋಡಿ. ಸಂಶಯ ಬಂದರೆ ಪ್ರಶ್ನೆ ಕೇಳುತ್ತಾ ಕೂರಬೇಡಿ. "ಗೋ ಅರೌಂಡ್" ಅಂದುಬಿಡಿ, ಅಂದರೆ ಇಳಿಯದೆ ಮತ್ತೆ ಮೇಲೇರಿ ಹೋಗಿ ಎಂದು.

ಹಂತ 8: ದಾಟಿಸುವುದು

ಕೈಯಲ್ಲಿ ಬಿಡಿಸಿದ ನಕ್ಷೆಗೆ ವಾಪಸ್ ಬನ್ನಿ. ಟರ್ಮಿನಲ್ ದಕ್ಷಿಣಕ್ಕೆ, ಎರಡೂ ರನ್‌ವೇ ಅದರ ಉತ್ತರಕ್ಕೆ ಎಂದು ಇಟ್ಟುಕೊಳ್ಳಿ. ಹೊರಗಿನ 27 ರೈಟ್‌ನಲ್ಲಿ ಇಳಿಸುತ್ತಿದ್ದೀರಿ, ಒಳಗಿನ 27 ಲೆಫ್ಟ್‌ನಿಂದ ಹೊರಡಿಸುತ್ತಿದ್ದೀರಿ. ಇಳಿದ ವಿಮಾನ ಎಡಕ್ಕೆ ತಿರುಗಿ ರನ್‌ವೇ ಬಿಡುತ್ತದೆ. "ಹೋಲ್ಡ್ ಶಾರ್ಟ್ ರನ್‌ವೇ ಟೂ ಸೆವೆನ್ ಲೆಫ್ಟ್" ಎಂದು ಹೇಳಿ ಮರಳಿ ಹೇಳಿಸಿ.

ಈಗ ಜಾಗದ ಲೆಕ್ಕ. ಎರಡು ರನ್‌ವೇಗಳ ಮಧ್ಯರೇಖೆಗಳ ನಡುವೆ 230 ಮೀಟರ್ ಮಾತ್ರ ಇದೆ ಅನ್ನಿ. ಹಂತ 2ರ 760ಕ್ಕಿಂತ ಕಮ್ಮಿ, ಹಾಗಾಗಿ ಇಳಿಸುವುದನ್ನೂ ಹೊರಡಿಸುವುದನ್ನೂ ಒಂದನ್ನೊಂದು ನೋಡಿಕೊಂಡೇ ಮಾಡಬೇಕು. ದೊಡ್ಡ ರನ್‌ವೇಗೆ ನಿಲ್ಲುವ ಗೆರೆ ಮಧ್ಯರೇಖೆಯಿಂದ 90 ಮೀಟರ್ ದೂರ ಇರಬೇಕು. ಎರಡು ಕಡೆಯ 90 ಕಳೆದರೆ ಉಳಿಯುವುದು 50 ಮೀಟರ್. ಎ321 ಉದ್ದ 44 ಮೀಟರ್ ಚಿಲ್ಲರೆ. ಅದು ಹೇಗೋ ಹಿಡಿಯುತ್ತದೆ. ಬೋಯಿಂಗ್ 777-300 ಸುಮಾರು 74 ಮೀಟರ್. ಅದು ಒಳಗಿನ ರನ್‌ವೇ ಮುಂದೆ ನಿಂತರೆ ಬಾಲ ಹೊರಗಿನ ರನ್‌ವೇಯ ಗೆರೆಯಾಚೆ ಉಳಿಯುತ್ತದೆ. ಅಂದರೆ ಅದು ರನ್‌ವೇ ಬಿಟ್ಟಿಲ್ಲ. ಹಿಂದೆ ಬರುವವರಿಗೆ ಇಳಿಯಲು ಆಗುವುದಿಲ್ಲ. ಪೈಲಟ್ "ವೆಕೇಟೆಡ್" ಅಂದರೂ ಬಾಲ ನೋಡದೆ ನಂಬಬೇಡಿ. ಇಂಥ ವಿಮಾನ ಬರುತ್ತಿದೆ ಎಂದು ಸ್ಟ್ರಿಪ್‌ನಲ್ಲಿ ಕಂಡಾಗಲೇ ಒಳಗಿನ ರನ್‌ವೇಯಲ್ಲಿ ಅದಕ್ಕೊಂದು ತೆರಪು ಕಾದಿರಿಸಿ.

ಇನ್ನು ಹೊತ್ತಿನ ಲೆಕ್ಕ. ಇಳಿಯಲು ಬರುವ ವಿಮಾನ ನೆಲದ ಲೆಕ್ಕದಲ್ಲಿ 140 ನಾಟ್ ವೇಗದಲ್ಲಿದ್ದರೆ ನಿಮಿಷಕ್ಕೆ 2.3 ಮೈಲಿ ಚಿಲ್ಲರೆ. 4 ಮೈಲಿ ದೂರದಲ್ಲಿದ್ದರೆ ನಿಮ್ಮ ಹತ್ತಿರ ಸುಮಾರು 100 ಸೆಕೆಂಡ್ ಇದೆ. 3 ಮೈಲಿಯಾದರೆ 77. ನಿಂತಲ್ಲಿಂದ ಹೊರಟು ಬಾಲ ಸಮೇತ ಆಚೆ ಗೆರೆ ದಾಟಲು ಒಂದು ವಿಮಾನಕ್ಕೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯಿರಿ. ಪೈಲಟ್ ರೇಡಿಯೋ ಉತ್ತರ ಕೊಡಲು, ಬ್ರೇಕ್ ಬಿಡಲು, ಎಂಜಿನ್ ಏರಲು ಹೋಗುವ ಸೆಕೆಂಡುಗಳನ್ನು ಹೊಸಬರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಳಗಿನದು ಬರೀ ಹೊರಡುವ ರನ್‌ವೇ ಆದರೆ ಆಟ ಸುಲಭ. ಹೊರಡುತ್ತಿರುವ ವಿಮಾನ ದಾಟುವ ಜಾಗವನ್ನು ಹಾದು ಹೋದ ಮೇಲೆ ಕಾಯುತ್ತಿರುವವರನ್ನು ಬಿಡಿ. ಇಬ್ಬರು ಮೂವರು ಬೇರೆ ಬೇರೆ ಕೂಡುದಾರಿಯಲ್ಲಿದ್ದರೆ ಒಟ್ಟಿಗೆ ದಾಟಿಸಿ. ದಾಟುವ ಪ್ರತಿ ವಿಮಾನಕ್ಕೂ ಬೇರೆ ಬೇರೆ ಅನುಮತಿ, ಪ್ರತಿಯೊಬ್ಬರಿಂದಲೂ ಮರುನುಡಿ. "ಕ್ರಾಸ್ ರನ್‌ವೇ ಟೂ ಸೆವೆನ್ ಲೆಫ್ಟ್, ರಿಪೋರ್ಟ್ ವೆಕೇಟೆಡ್." ಎಲ್ಲರೂ ಆಚೆ ಸೇರಿದ ಮೇಲೆ ಕೆಂಪು ಕಾರ್ಡ್ ತೆಗೆಯಿರಿ, ಆಮೇಲೆ ಮುಂದಿನ ಟೇಕ್‌ಆಫ್. ನಿಲ್ಲುವ ಗೆರೆಗೆ ಅಡ್ಡಲಾಗಿ ಹಾಕಿದ ಕೆಂಪು ಸ್ಟಾಪ್‌ಬಾರ್ ದೀಪ ಉರಿಯುತ್ತಿದ್ದರೆ ಬಾಯಲ್ಲಿ ಅನುಮತಿ ಕೊಟ್ಟರೆ ಸಾಲದು. ದೀಪ ಆರಿಸಿ. ಉರಿಯುವ ಸ್ಟಾಪ್‌ಬಾರ್ ದಾಟಬಾರದು ಎಂದು ಪೈಲಟ್‌ಗಳಿಗೆ ಕಲಿಸಿರುತ್ತಾರೆ, ಅದನ್ನು ನಾವೇ ಕೆಡಿಸಬಾರದು.

ಹಂತ 9: ಗಾಳಿಸುಳಿಯ ಲೆಕ್ಕ

ದೊಡ್ಡ ವಿಮಾನದ ರೆಕ್ಕೆ ತುದಿಯಿಂದ ಏಳುವ ಸುಳಿ ಹಿಂದಿನ ಸಣ್ಣ ವಿಮಾನವನ್ನು ಮಗುಚುವಷ್ಟು ಜೋರಿರುತ್ತದೆ. ತೂಕ 136 ಟನ್ ಅಥವಾ ಜಾಸ್ತಿ ಇದ್ದರೆ ಹೆವಿ. 7 ಟನ್ ದಾಟಿ ಅದಕ್ಕಿಂತ ಕಮ್ಮಿ ಇದ್ದರೆ ಮೀಡಿಯಂ. ಎ320, 737, ಎಟಿಆರ್ ಎಲ್ಲ ಮೀಡಿಯಂ. ಹೆವಿ ಹೊರಟ ಮೇಲೆ ಮೀಡಿಯಂ 2 ನಿಮಿಷ ಕಾಯಬೇಕು. ಮೀಡಿಯಂ ರನ್‌ವೇ ತುದಿಯಿಂದ ಹೊರಡದೆ ನಡುವಿನ ಕೂಡುದಾರಿಯಿಂದ ಹೊರಟರೆ 3 ನಿಮಿಷ.

ಎರಡು ರನ್‌ವೇ ನಡುವೆ 760 ಮೀಟರಿಗಿಂತ ಕಮ್ಮಿ ಇದ್ದರೆ ಸುಳಿಯ ಮಟ್ಟಿಗೆ ಅವೆರಡೂ ಒಂದೇ ರನ್‌ವೇ ಎಂದು ಲೆಕ್ಕ. ಲೆಫ್ಟಿನಿಂದ ಹೆವಿ ಹೋದರೆ ರೈಟಿನ ಎ320 ಕೂಡ ಕಾಯಬೇಕು. ಅಡ್ಡಗಾಳಿ ಇದ್ದರೆ ಸುಳಿ ಪಕ್ಕದ ರನ್‌ವೇಗೆ ತೇಲಿ ಹೋಗುತ್ತದೆ.

ಈ 2 ನಿಮಿಷ ದಂಡ ಅಂತ ತಿಳಿಯಬೇಡಿ. ಹೇಗೂ ಯಾರೂ ಹೊರಡುವಂತಿಲ್ಲ. ದಾಟಿಸಬೇಕಾದವರನ್ನೆಲ್ಲ ಅಷ್ಟರಲ್ಲಿ ದಾಟಿಸಿಬಿಡಿ. ಚೆನ್ನಾಗಿ ಟವರ್ ನಡೆಸುವವರು ಹೆವಿ ವಿಮಾನದ ಸರದಿಯನ್ನು ಇದಕ್ಕೆ ಹೊಂದಿಸಿಯೇ ಇಡುತ್ತಾರೆ.

ಹಂತ 10: ಗೋ ಅರೌಂಡ್

ಮಂಗಳೂರಿನವರಿಗೆ ಈ ವಿಷಯ ಸುಮ್ನೆ ಪುಸ್ತಕದ ಮಾತಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ರನ್‌ವೇ 24ರ ತುದಿ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಎಂಟು ಮಂದಿ ಉಳಿದರು. ಇಳಿಯಲು ಬರುವ ಎತ್ತರ, ವೇಗ ಹದಕ್ಕೆ ಬಾರದಿದ್ದರೂ ಅದನ್ನು ಕೈಬಿಟ್ಟು ಮೇಲೇಳಲಿಲ್ಲ ಎಂಬುದೇ ತನಿಖೆಯಲ್ಲಿ ಬಂದ ಮುಖ್ಯ ಕಾರಣ. ಹಾಗಾಗಿ ಯಾವ ಪೈಲಟ್ "ಗೋಯಿಂಗ್ ಅರೌಂಡ್" ಅಂದರೂ ಟವರಿನಿಂದ ಯಾಕೆ, ಏನು ಎಂಬ ಪ್ರಶ್ನೆ ಆ ಕ್ಷಣದಲ್ಲಿ ಹೋಗಬಾರದು. ಅವರ ಕೈ ತುಂಬ ಕೆಲಸ ಇರುತ್ತದೆ.

ಜೋಡಿ ರನ್‌ವೇಯಲ್ಲಿ ತೊಡಕು ಪಕ್ಕದ ರನ್‌ವೇಯದ್ದು. 27 ರೈಟ್‌ನಲ್ಲಿ ಒಬ್ಬರು ಮೇಲೆದ್ದರು, ಅದೇ ಹೊತ್ತಿಗೆ 27 ಲೆಫ್ಟ್‌ನಿಂದ ಇನ್ನೊಬ್ಬರು ಹೊರಟರು ಎಂದರೆ ಇಬ್ಬರೂ ಅಕ್ಕಪಕ್ಕ ಏರುತ್ತಿರುತ್ತಾರೆ. ಸೆಗ್ರಿಗೇಟೆಡ್ ಮೋಡಿನಲ್ಲಿ ಇಬ್ಬರ ದಾರಿ 30 ಡಿಗ್ರಿ ಬೇರೆಯಾಗುವಂತೆ ಮೊದಲೇ ಗೊತ್ತು ಮಾಡಿರುತ್ತಾರೆ. ಆದರೂ ಟವರ್ ಮಾಡಬೇಕಾದ್ದು ಇದೆ. ಪಕ್ಕದ ಕುರ್ಚಿಯವರಿಗೆ ಗಟ್ಟಿಯಾಗಿ ಕೂಗಿ ಹೇಳಿ: "ಗೋ ಅರೌಂಡ್, ಟೂ ಸೆವೆನ್ ರೈಟ್." ಅವರು ಹೊರಡುವವರನ್ನು ತಡೆಯಬೇಕು. ಅನುಮತಿ ಕೊಟ್ಟಿದ್ದು ಇನ್ನೂ ಹೊರಡದಿದ್ದರೆ: "ಹೋಲ್ಡ್ ಪೊಸಿಷನ್, ಕ್ಯಾನ್ಸಲ್ ಟೇಕ್‌ಆಫ್, ಐ ಸೇ ಅಗೇನ್, ಕ್ಯಾನ್ಸಲ್ ಟೇಕ್‌ಆಫ್." ಓಟ ಈಗಷ್ಟೇ ಶುರುವಾಗಿದ್ದರೆ: "ಸ್ಟಾಪ್ ಇಮ್ಮಿಡಿಯೇಟ್ಲಿ", ಹೆಸರು ಹೇಳಿ ಮತ್ತೊಮ್ಮೆ "ಸ್ಟಾಪ್ ಇಮ್ಮಿಡಿಯೇಟ್ಲಿ". ವೇಗ ಏರಿಬಿಟ್ಟಿದ್ದರೆ ನಿಲ್ಲಿಸಲು ಹೋಗಬೇಡಿ. ಇಬ್ಬರನ್ನೂ ಬೇರೆ ಬೇರೆ ಕಡೆ ತಿರುಗಿಸಿ, ಒಬ್ಬರಿಗೆ ಇನ್ನೊಬ್ಬರು ಎಲ್ಲಿದ್ದಾರೆ ಎಂದು ತಿಳಿಸಿ, ಅಪ್ರೋಚ್‌ಗೆ ಹೇಳಿ.

ಹಂತ 11: ಮಳೆ, ಮಂಜು, ಕೆಟ್ಟ ರೇಡಿಯೋ

ಜುಲೈ ತಿಂಗಳ ಮಳೆಯಲ್ಲಿ ಬಜ್ಪೆಯಿಂದ ಎದುರಿನ ಗುಡ್ಡ ಕಾಣದಿರುವುದು ನಮಗೆ ಹೊಸತಲ್ಲ. ಟವರಿನಿಂದ ರನ್‌ವೇ ಕಾಣದಿದ್ದಾಗ ಕಣ್ಣಿನ ಕೆಲಸ ಕಿವಿಗೆ ಬೀಳುತ್ತದೆ. 2000ದ ಅಕ್ಟೋಬರ್ 31ರಂದು ತೈಪೆಯಲ್ಲಿ ಚಂಡಮಾರುತದ ಮಳೆ. ಸಿಂಗಪುರ್ ಏರ್‌ಲೈನ್ಸ್‌ನ 747 ವಿಮಾನ 05 ಲೆಫ್ಟ್‌ನಿಂದ ಹೊರಡಬೇಕಿತ್ತು. ರಿಪೇರಿಗೆ ಮುಚ್ಚಿದ್ದ 05 ರೈಟ್‌ಗೆ ತಿರುಗಿ ಓಟ ಶುರು ಮಾಡಿತು, ಅಲ್ಲಿದ್ದ ಯಂತ್ರಗಳಿಗೆ ಬಡಿಯಿತು. 83 ಜನ ಸತ್ತರು. ಆ ಮಳೆಯಲ್ಲಿ ಟವರಿನವರಿಗೆ ವಿಮಾನ ಕಾಣುತ್ತಿರಲಿಲ್ಲ.

ಹಾಗಾಗಿ ಕಾಣದಿದ್ದಾಗ ಒಬ್ಬೊಬ್ಬರನ್ನೇ ಸಾಗಿಸಿ. ಪ್ರತಿ ತಿರುವಿನಲ್ಲೂ ಎಲ್ಲಿದ್ದೀರಿ ಎಂದು ಕೇಳಿ. ನೆಲದ ರೇಡಾರ್ ಇದ್ದರೆ ಪೈಲಟ್ ಹೇಳಿದ್ದಕ್ಕೂ ಅದರಲ್ಲಿ ಕಂಡದ್ದಕ್ಕೂ ತಾಳೆ ನೋಡಿ. ರನ್‌ವೇ ಮೇಲೆ ನಿಲ್ಲಿಸಿ ಕಾಯಿಸುವ ಉಪಾಯ ಆ ದಿನ ಬೇಡ.

ರೇಡಿಯೋ ಕೆಟ್ಟ ವಿಮಾನ ಟ್ರಾನ್ಸ್‌ಪಾಂಡರ್‌ನಲ್ಲಿ 7600 ಹಾಕುತ್ತದೆ. ಟವರಿನಲ್ಲಿ ದೀಪದ ಗನ್ ಇರುತ್ತದೆ. ಆಕಾಶದಲ್ಲಿರುವವರಿಗೆ ಸ್ಥಿರ ಹಸಿರು ಎಂದರೆ ಇಳಿಯಿರಿ, ಸ್ಥಿರ ಕೆಂಪು ಎಂದರೆ ದಾರಿ ಬಿಟ್ಟು ಸುತ್ತುತ್ತಿರಿ. ನೆಲದಲ್ಲಿರುವವರಿಗೆ ಸ್ಥಿರ ಕೆಂಪು ನಿಲ್ಲಿ, ಮಿಟುಕುವ ಕೆಂಪು ರನ್‌ವೇ ಬಿಟ್ಟು ಸರಿಯಿರಿ, ಮಿಟುಕುವ ಹಸಿರು ಟ್ಯಾಕ್ಸಿ ಮಾಡಿ.

ಮನೆಯಲ್ಲಿ ಅಭ್ಯಾಸ

ಸಿಮ್ಯುಲೇಟರ್ ಇಲ್ಲದಿದ್ದರೂ ನಡೆಯುತ್ತದೆ. ಊಟದ ಮೇಜಿನ ಮೇಲೆ ಟೇಪಿನಲ್ಲಿ ಎರಡು ರನ್‌ವೇ ಅಂಟಿಸಿ. ಹಳೇ ಆಮಂತ್ರಣ ಪತ್ರಿಕೆ ಕತ್ತರಿಸಿ ಸ್ಟ್ರಿಪ್ ಮಾಡಿ, ಇಳಿಯುವವರಿಗೆ ಒಂದು ಬಣ್ಣ, ಹೊರಡುವವರಿಗೆ ಇನ್ನೊಂದು. ತಮ್ಮನನ್ನೋ ರೂಂಮೇಟನ್ನೋ ಪೈಲಟ್ ಮಾಡಿ. ಅವರಿಗೆ ಗುಟ್ಟಾಗಿ ಒಂದು ಕೆಲಸ ಕೊಡಿ: ಆಗಾಗ ಬೇಕೆಂದೇ ಲೆಫ್ಟ್ ಅನ್ನು ರೈಟ್ ಎಂದು ಮರಳಿ ಹೇಳಬೇಕು. ಹಿಡಿಯುತ್ತೀರಾ ನೋಡಿ.

ಕೊನೆಗೆ ಈ ಲೆಕ್ಕ ಬಿಡಿಸಿ. ನಕ್ಷೆ ಹಂತ 8ರದ್ದೇ. 27 ಲೆಫ್ಟ್‌ನಿಂದ ಒಂದು ಹೆವಿ ಈಗಷ್ಟೇ ನೆಲ ಬಿಟ್ಟಿದೆ. ಮುಂದಿನ ಎ320 ಗೆರೆಯ ಹಿಂದೆ ಕಾಯುತ್ತಿದೆ. ಎರಡು ರನ್‌ವೇಗಳ ನಡುವಿನ ಎರಡು ಕೂಡುದಾರಿಯಲ್ಲೂ ಒಂದೊಂದು ವಿಮಾನ ದಾಟಲು ನಿಂತಿದೆ. ಇನ್ನೊಂದು 27 ರೈಟ್‌ನಲ್ಲಿ ಇಳಿದು ಓಡುತ್ತಿದೆ, ಹೊರಬರಲು ಅದಕ್ಕೆ ಜಾಗವಿಲ್ಲ. ಅದರ ಹಿಂದೆ ನೇತ್ರಾವತಿ 45, 3 ಮೈಲಿಯಲ್ಲಿ. ಮೊದಲು ಯಾರಿಗೆ ಮಾತು?

ಎ320ಗೆ ಅಲ್ಲ, ನೇತ್ರಾವತಿಗೂ ಅಲ್ಲ. ನಡುವೆ ನಿಂತ ಇಬ್ಬರಿಗೆ: ಒಬ್ಬರ ಹಿಂದೆ ಒಬ್ಬರಿಗೆ ದಾಟುವ ಅನುಮತಿ. ಹೆವಿ ಹೋಗಿಯಾಗಿದೆ, ಸುಳಿಯಿಂದಾಗಿ 27 ಲೆಫ್ಟ್ ಹೇಗೂ ಎರಡು ನಿಮಿಷ ಖಾಲಿ. ಅವರು ಕದಲಿದ ಕೂಡಲೇ 27 ರೈಟ್‌ನಲ್ಲಿ ಓಡುತ್ತಿರುವವರಿಗೆ ಖಾಲಿಯಾದ ಕೂಡುದಾರಿ ತೋರಿಸಿ, ಬೇಗ ಬಿಡಿ ಎನ್ನಿ. ನೇತ್ರಾವತಿಗೆ "ಕಂಟಿನ್ಯೂ ಅಪ್ರೋಚ್", ರನ್‌ವೇಯಲ್ಲಿ ಒಂದು ವಿಮಾನ ಇದೆ ಎಂಬ ಮಾಹಿತಿ. ನಿಮಗಿರುವುದು 77 ಸೆಕೆಂಡ್. ನೇತ್ರಾವತಿ ಒಂದು ಮೈಲಿಗೆ ಬಂದಾಗಲೂ ಮುಂದಿನವರ ಬಾಲ ಗೆರೆಯೊಳಗೇ ಇದ್ದರೆ ಗೋ ಅರೌಂಡ್, ಜೊತೆಗೆ ಪಕ್ಕದ ಕುರ್ಚಿಗೆ ಕೂಗು. ಎ320ಯವರಿಗೆ ಲೈನ್ ಅಪ್ ಕೊಡುವುದು ದಾಟಿದ ಇಬ್ಬರೂ "ವೆಕೇಟೆಡ್" ಅಂದು, ಕೆಂಪು ಕಾರ್ಡ್ ಕೈಗೆ ಬಂದ ಮೇಲೆ.